ತುಂಡಾಗುವ ದಾರ ಕೇಳಿದ ಗಿರಾಕಿ

ಗಂಗೊಳ್ಳಿ ಬಂದರಿನ ಹತ್ತಿರ ನಾನು ಬಲೆ-ಹಗ್ಗದ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ವ್ಯಾಪಾರವಿಲ್ಲದ ದಿನ ಇದ್ದೀತು, ನಗು ಬಾರದ ದಿನ ಇಲ್ಲ. ಕಳೆದ ವರ್ಷದ ನಗುವಂತೂ ಪೂರ್ತಿ ಒಬ್ಬನೇ ಗಿರಾಕಿಯ ಉಪಕಾರ.

೧. ಬೇಡಿಕೆ

ಕೊಕ್ಕರ್ಣೆ ಕಡೆಯ ಯುವಕನೊಬ್ಬ ಬಂದು, "ಹ್ವಾಯ್, ನಂಗ್ ತುಂಡಾಪ ದಾರ ಬೇಕಿತ್" ಅಂದ.

ಇಷ್ಟು ವರ್ಷ 'ತುಂಡಾಗುವುದಿಲ್ಲ' ಎಂದು ಆಣೆ ಹಾಕಿ ಮಾರಿದವನು ನಾನು. ಪಿತ್ತ ನೆತ್ತಿಗೇರಿತು. "ಅದ್ ನಮ್ಮಲ್ಲಿಲ್ಲ. ಬೇರೆ ಅಂಗ್ಡಿಲಿ ಧಾರಾಳ ಸಿಕ್ಕತ್ತ್" ಅಂದೆ.

ಅವನು ನಗುತ್ತಾ ಕೂತು ವಿವರಿಸಿದ. ಹೊರದೇಶದಲ್ಲಿ ಎತ್ತರದ ಸೇತುವೆಯಿಂದ ಪ್ಯಾರಾಶೂಟ್ ಕಟ್ಟಿಕೊಂಡು ಹಾರುವುದು ಅವನ ಹುಚ್ಚು. ಸೇತುವೆಗೆ ಬಿಗಿದ ಪಟ್ಟಿಯೊಂದು ಪ್ಯಾರಾಶೂಟನ್ನು ಎಳೆದು ಬಿಚ್ಚುತ್ತದಂತೆ. ಪಟ್ಟಿಗೂ ಪ್ಯಾರಾಶೂಟಿಗೂ ನಡುವೆ ಕಟ್ಟಿದ ದಾರ, ಬಿಚ್ಚಿದ ಕೂಡಲೇ ತುಂಡಾಗಬೇಕು. ಮೊದಲೇ ತುಂಡಾದರೆ ಪ್ಯಾರಾಶೂಟ್ ಬಿಚ್ಚದು. ತುಂಡಾಗದಿದ್ದರೆ ಅವನು ಸೇತುವೆಗೇ ನೇತಾಡಬೇಕು.

"ಅಲ್ಲ ಮಾರಾಯಾ, ನಡ್ಕಂಡ್ ಇಳ್ದ್ ಹೋಪುಕೆ ಆತಿಲ್ಯಾ?" ಅಂದೆ.

೨. ಪರೀಕ್ಷೆ

ಆದರೂ ಹುಡುಗ ಹಿಡಿಸಿದ. ಅಂಗಡಿಯಲ್ಲಿದ್ದ ಬಗೆಬಗೆಯ ದಾರಗಳನ್ನು ಜಂತಿಗೆ ಕಟ್ಟಿ, ಕೆಳಗೆ ಬಕೆಟ್ ನೇತುಹಾಕಿ, ಕಡಲ ದಡದ ಹೊಯಿಗೆ ಸುರಿಯುತ್ತಾ ಹೋದೆವು. ನೈಲಾನ್ ಜಗ್ಗಿತು, ಹಠ ಮಾಡಿತು. ಹತ್ತಿಯ ದಾರವೊಂದು ಮಾತ್ರ ಪ್ರತಿ ಸಲವೂ ಅದೇ ತೂಕಕ್ಕೆ ಪಟ್ಟೆಂದು ತುಂಡಾಯಿತು. ತುಂಡುಗಳಿಗೆ ಚೀಟಿ ಅಂಟಿಸಿ, ಸಾಲಾಗಿ ಜೋಡಿಸಿಟ್ಟು ಊಟಕ್ಕೆ ಹೋದೆವು.

ಊಟ ಮುಗಿಸಿ ಬರುವಾಗ, ದೋಣಿ ನಡೆಸುವ ಕೆಲಸದಿಂದ ನಿವೃತ್ತರಾದ ತಾಂಡೇಲರು ನಮ್ಮ ಜಗಲಿಯಲ್ಲಿ ಕೂತಿದ್ದರು. ಹರಿದದ್ದು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. "ಎಲ್ಲ ದಾರ ತುಂಡಾಯ್ದಿತ್ ಮಾರಾಯಾ! ನಾನ್ ಗಂಟ್ ಹಾಕಿ ಸಮಾ ಮಾಡಿಟ್ಟಿದ್ದೆ. ಇನ್ನ್ ಆನೆ ಎಳ್ದ್ರೂ ತುಂಡಾತಿಲ್ಲ."

೩. ಹಾರಾಟ

ಹುಡುಗ ಮತ್ತೆ ಎಲ್ಲ ತೂಗಿ ನೋಡಿ, ಅದೇ ಹತ್ತಿಯ ದಾರವನ್ನು ಹೊರದೇಶಕ್ಕೆ ಒಯ್ದ. ಹಾರುವ ದಿನ ನನಗೆ ಗಂಜಿ ಸೇರಲಿಲ್ಲ. ದಾರ ನನ್ನದು, ಜೀವ ಅವನದು. ತಾಂಡೇಲರೂ ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಕೂತರು.

ಮಧ್ಯಾಹ್ನ ಮೊಬೈಲಿಗೆ ವಿಡಿಯೋ ಬಂತು. ಹುಡುಗ ಜಿಗಿದ. ಪ್ಯಾರಾಶೂಟ್ ಅರಳಿತು, ದಾರ ಕಡಿದುಹೋಯಿತು, ಅವನು ತೇಲುತ್ತಾ ಇಳಿದು ಕೈ ಬೀಸಿದ. ನನ್ನ ಕಣ್ಣು ತುಂಬಿತು. ತಾಂಡೇಲರು ಎದ್ದು ಕುಣಿದೇಬಿಟ್ಟರು. ಇಬ್ಬರೂ ಬೀದಿಗೆ ಕೇಳುವಂತೆ ಕೂಗಿದೆವು: "ತುಂಡಾಯ್ತ್! ನಮ್ಮಂಗ್ಡಿ ದಾರ ತುಂಡಾಯ್ತ್!"

ಅಂಗಡಿಯ ಒಳಗೆ ಲಂಗರಿಗೆ ಹೊಸ ಹಗ್ಗ ಆರಿಸುತ್ತಿದ್ದ ದೋಣಿ ಮಾಲೀಕರೊಬ್ಬರು ನಮ್ಮಿಬ್ಬರ ಮುಖ ನೋಡಿದರು. ಹಗ್ಗವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿದರು.

"ನಾನ್ ನಾಳೆ ಬತ್ತೆ, ಅಕಾ?"