ಮೆಣಸಿನಗಿಡವಿಲ್ಲದವನ ನೀಲಿ ಪಂಪು

ನಮ್ಮ ಕಾಕಾನಷ್ಟು ಮುತುವರ್ಜಿಯಿಂದ ಕಸ ಬೆಳೆಯುವ ರೈತ ಇಡೀ ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ! ಮೂರು ಎಕರೆ ಹೊಲ. ಬಿತ್ತಿದ್ದು ಗೋವಿನಜೋಳ. ಬಂದದ್ದು ರಾಜಗಿರಿ, ಉತ್ತರಾಣಿ, ಗೋಣಿಸೊಪ್ಪು, ಪಾರ್ಥೇನಿಯಂ, ಮತ್ತು ಹೆಸರು ಗೊತ್ತಿಲ್ಲದ ಇನ್ನಷ್ಟು. ಅವುಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಗೋವಿನಜೋಳದ ಸಸಿ, ಕರೆಯದ ಮದುವೆಗೆ ಬಂದು ಊಟದ ಸಾಲಿನಲ್ಲಿ ಕುಳಿತವರ ಹಾಗೆ, ತಲೆ ತಗ್ಗಿಸಿಕೊಂಡಿರುತ್ತದೆ.

ಹಾಗಾದರೆ ನಮ್ಮ ಕಾಕಾ ಸೋಮಾರಿಯೇ? ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಸೋಮಾರಿಯನ್ನು ಬೈದು ಎಬ್ಬಿಸಬಹುದು. ಇವನು ಬೆಳಗಿನ ಐದೂವರೆಗೇ ಎದ್ದು, ಬೆನ್ನಿಗೆ ಔಷಧ ಹೊಡೆಯುವ ಕೆಂಪು ಪಂಪು ಏರಿಸಿ, ಹೊಲಕ್ಕೆ ಹೋಗಿ, ಬದುವಿನ ಮೇಲೆ ಊದಿನಕಡ್ಡಿ ಹಚ್ಚಿ, ಅದರ ಹೊಗೆ ಯಾವ ಕಡೆ ಬಾಗುತ್ತದೆಂದು ಅರ್ಧ ತಾಸು ನೋಡಿ, ಒಂದು ಹನಿಯನ್ನೂ ಸಿಂಪಡಿಸದೆ ಮನೆಗೆ ಬರುತ್ತಾನೆ. ಇದು ನಾಲ್ಕನೆಯ ಮಳೆಗಾಲ.

ವಿಷಯ ಏನೆಂದರೆ, ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆಲ್ಲ ‘ಎಣ್ಣಿ’ ಎನ್ನುತ್ತೇವೆ. ಅದರಲ್ಲಿ ‘ಕಸದ ಎಣ್ಣಿ’ ಸ್ವಲ್ಪ ಜಾಣ ಜಾತಿಯದು. ಗೋವಿನಜೋಳದಂಥ ಉದ್ದ ಎಲೆಯ ಬೆಳೆಯ ತಂಟೆಗೆ ಹೋಗದೆ, ಅಗಲ ಎಲೆಯ ಕಸವನ್ನಷ್ಟೇ ತಿರುಚಿ ಮುರುಟಿಸಿ ಸಾಯಿಸುತ್ತದೆ. ಆದರೆ ಕಸಕ್ಕೆ ಮೂರ್ನಾಲ್ಕು ಎಲೆ ಬಂದಾಗಲೇ ಹೊಡೆಯಬೇಕು. ಬೆಳೆ ಮೊಣಕಾಲು ಮುಟ್ಟಿತೆಂದರೆ ಕಥೆ ಮುಗಿಯಿತು. ಕಸ ಸಾಯುವುದಿಲ್ಲ, ಬೆಳೆಗೇ ಪೆಟ್ಟು. ಇರುವುದು ಹೆಚ್ಚೆಂದರೆ ಎರಡು ವಾರದ ಅವಕಾಶ. ಆ ಎರಡು ವಾರ ಕಾಕಾ ಊದಿನಕಡ್ಡಿ ಹಚ್ಚುತ್ತಾನೆ.

ಯಾಕೆಂದರೆ ಬದುವಿನ ಆಚೆ ಅತ್ತಿಯ ಮೆಣಸಿನಗಿಡ. ಅತ್ತಿ ಎಂದರೆ ಕಾಕಾನ ಸ್ವಂತ ಅಕ್ಕ, ಊರಲ್ಲೇ ಕೊಟ್ಟವಳು. ಬ್ಯಾಡಗಿ ಮೆಣಸಿನಕಾಯಿಯ ಗಿಡಕ್ಕೂ ಎಲೆ ಅಗಲವೇ. ಗಾಳಿಗೆ ಎಣ್ಣಿ ತೂರಿ ಅತ್ತ ಬಿದ್ದರೆ?

ಒಂದು ಶನಿವಾರ ಬೆಳಿಗ್ಗೆ ಕದರಮಂಡಲಗಿಯ ಆಂಜನೇಯನ ದರ್ಶನಕ್ಕೆ ನಡೆದು ಹೊರಟಿದ್ದ ಹೆಣ್ಣುಮಗಳೊಬ್ಬಳು, ಕಸದ ನಡುವೆ ಊದಿನಕಡ್ಡಿ ಹಿಡಿದು ಧ್ಯಾನಸ್ಥನಾಗಿ ನಿಂತ ಇವನನ್ನು ನೋಡಿ, ಚಪ್ಪಲಿ ಬಿಟ್ಟು ಕೈ ಮುಗಿದಳು.

“ಯಾವ ದೇವ್ರ ಐತ್ರಿ ಯಣ್ಣಾ ಇಲ್ಲಿ?”

“ವಾಯುದೇವ್ರ ಐತಬೇ.”

“ಇಲ್ಲಿ ಐತಂತ ಗೊತ್ತ ಇರಲಿಲ್ಲ ನೋಡ್ರಿ.”

“ನೀ ಹೆಂಗೂ ಮಗನ ಗುಡಿಗೆ ಹೊಂಟೀದಿ. ಅಪ್ಪಗ ಒಂದ ತಾಸು ಸುಮ್ಮ ಕುಂದ್ರಾಕ ಹೇಳಂತ ಮಗನ ಮುಂದ ಹೇಳಿ ಬಾ.”

ಅವಳು ಹೇಳಿದಳೋ ಇಲ್ಲವೋ, ಗಾಳಿ ನಿಲ್ಲಲಿಲ್ಲ. ನಮ್ಮ ಹಿಂದಿನ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಫ್ಯಾನುಗಳಿವೆ. ಸುಮ್ಮನೆ ನಿಲ್ಲಿಸಿದ್ದಾರೆಯೇ? ಗಾಳಿ ಇದೆಯೆಂದೇ ನಿಲ್ಲಿಸಿದ್ದಾರೆ! ಆ ಫ್ಯಾನು ತಿರುಗದ ದಿನ ಮಾತ್ರ ಎಣ್ಣಿ ಹೊಡೆಯುವುದೆಂದು ಕಾಕಾನ ಸಂಕಲ್ಪ. ತಿರುಗದ ದಿನ ಮಳೆ ಬರುತ್ತದೆ. ಮಳೆಯಲ್ಲಿ ಹೊಡೆದರೆ ಎಣ್ಣಿ ತೊಳೆದು ಹೋಗುತ್ತದೆ. ಅಂದರೆ ಪ್ರಕೃತಿಯಲ್ಲಿ ಈ ಮನುಷ್ಯನಿಗೆ ಅನುಕೂಲವಾದ ಬೆಳಗು ಎಂಬುದೇ ಇಲ್ಲ.

ನಾನು ಇಷ್ಟಕ್ಕೆಲ್ಲ ಸೋಲುವವಳಲ್ಲ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯಲ್ಲಿ ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ಎದುರಾಳಿಗಳನ್ನು ಉರುಳಿಸಿದವಳು. ಈಗ ಬ್ಯಾಡಗಿಯಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕಡತ ಹೊರುತ್ತಿದ್ದೇನೆ. ಯಾರೇ ಏನೇ ಹೇಳಲಿ, ‘ಅದಕ್ಕೆ ಆಧಾರವೇನು?’ ಎಂದು ಕೇಳುವುದು ನನ್ನ ಚಾಳಿ. ಒಮ್ಮೆ ಕಾಕಾ “ಪಂಪ್ ಮೂರ ಸಲ ತೊಳಿಬೇ, ಸೋಡಾ ಹಾಕಿ” ಎಂದಾಗ, “ಮೂರ ಸಲಾನ ಯಾಕ? ಒಂದ ಸಲ ಯಾಕಲ್ಲ? ನಾಕ ಸಲ ಯಾಕಲ್ಲ?” ಎಂದು ಕೇಳಿ ಅವನ ಬಾಯಿ ಮುಚ್ಚಿಸಿದ್ದೆ. ಅಂಥವಳಿಗೆ ಈ ಊದಿನಕಡ್ಡಿ ಯಾವ ಲೆಕ್ಕ?

ರಾಣೆಬೆನ್ನೂರಿನ ಎಣ್ಣಿ ಅಂಗಡಿಗೇ ಕರೆದುಕೊಂಡು ಹೋದೆ. ತಜ್ಞರ ಸಾಕ್ಷ್ಯ ಹಾಕಿಸುವುದೆಂದು!

“ಇದು ಅಗಲ ಎಲಿ ಕಸಾ ಅಷ್ಟ ಸಾಯಸತೈತಿ ಹೌದಿಲ್ರಿ?” ಎಂದ ಕಾಕಾ.

“ಹೌದ್ರಿ ಕಾಕಾರ, ಗೋಂಜಾಳ ಮುಟ್ಟೂದಿಲ್ಲ,” ಎಂದ ಅಂಗಡಿಯವನು.

“ಮೆಣಸಿನಗಿಡದ್ದೂ ಅಗಲ ಎಲಿನ. ಅದು ಕಸಾ ಅಲ್ಲಂತ ಇದಕ್ಕ ಹೆಂಗ ಗೊತ್ತಾಕ್ಕೈತಿ?”

ಅಂಗಡಿಯವನು ಬಾಟಲಿಯನ್ನು ತಿರುಗಿಸಿ ಚೀಟಿ ನೋಡಿದ. “ಇದಕ್ಕ ಬ್ಯಾಡಗಿ ಮಾರ್ಕೆಟ್ ಗೊತ್ತಿಲ್ರಿ ಕಾಕಾರ,” ಎಂದ.

ಕಾಕಾ ನನ್ನ ಕಡೆ ನೋಡಿದ ನೋಟವನ್ನು ನಾನು ಕೋರ್ಟಿನಲ್ಲಿ ಎದುರು ವಕೀಲರ ಮುಖದಲ್ಲಿ ಮಾತ್ರ ನೋಡಿದ್ದೇನೆ. ನನ್ನ ಸಾಕ್ಷಿಯೇ ನನಗೆ ತಿರುಗಿಬಿದ್ದಿದ್ದ.

ಇನ್ನು ಪಂಪುಗಳ ವಿಷಯ. ಅವನ ಬಳಿ ಎರಡಿವೆ. ಕೆಂಪು ಬಣ್ಣ ಬಳಿದದ್ದು ಕಸದ ಎಣ್ಣಿಗೆ. ಅದರ ಮೂತಿಗೆ ಒಡೆದ ಪ್ಲಾಸ್ಟಿಕ್ ಕೊಡವನ್ನು ಕತ್ತರಿಸಿ ಟೊಪ್ಪಿಗೆ ಮಾಡಿದ್ದಾನೆ, ಹನಿ ಆಚೆ ಹಾರದಿರಲೆಂದು. ಎರಡನೆಯದು ನೀಲಿ. ಪಡಸಾಲೆಯ ಗೋಡೆಯ ಮೊಳೆಗೆ ತೂಗುತ್ತಿದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ತನ್ನ ಕೈಯಾರೆ ‘ಮೆಣಸಿನಕಾಯಿಗೆ’ ಎಂದು ಬರೆದಿದ್ದಾನೆ. ಚೆಂದ. ಆದರೆ ಸ್ವಾಮೀ, ಇವನ ಹೊಲದಲ್ಲಿ ಒಂದೇ ಒಂದು ಮೆಣಸಿನಗಿಡವಿಲ್ಲ! ನಾಲ್ಕು ವರ್ಷದಿಂದ ಇಲ್ಲ, ಅದಕ್ಕೂ ಮೊದಲು ಇರಲಿಲ್ಲ. ಕುದುರೆಯಿಲ್ಲದವನು ಜೀನು ಕೊಂಡು ಗೋಡೆಗೆ ತೂಗುಹಾಕಿದರೆ ಏನನ್ನುತ್ತೀರಿ? ಎರಡನ್ನೂ ನನಗೆ ಮುಟ್ಟಲು ಬಿಡುವುದಿಲ್ಲ. ಕೈ ಚಾಚಿದರೆ ಸಾಕು, “ನೀ ಬ್ಯಾಡಬೇ, ನಾ ತೊಳೀತೇನಿ” ಎಂದು ಓಡಿಬರುತ್ತಾನೆ. ಹೆಣ್ಣುಮಗಳೆಂಬ ತಾತ್ಸಾರವೇ ಎಂದು ಒಂದು ದಿನ ಜಗಳವನ್ನೂ ತೆಗೆದೆ. ಅವನು ಪಂಪನ್ನೆತ್ತಿಕೊಂಡು ಹಿತ್ತಿಲಿಗೆ ನಡೆದ.

ಅಕ್ಕನ ಹೊಲದ ಬಗ್ಗೆ ಇಷ್ಟು ಕಾಳಜಿ ಇದೆಯಲ್ಲ, ಅಕ್ಕ ಹೇಗಿದ್ದಾಳೆಂದು ಕೇಳುತ್ತೀರಾ? ನಾಲ್ಕು ವರ್ಷದಿಂದ ಇವನೊಂದಿಗೆ ಒಂದು ಮಾತಾಡಿಲ್ಲ. ನಾಲ್ಕು ವರ್ಷದ ಹಿಂದೆ, ಅಕ್ಕನ ಗಿಡಕ್ಕೆ ನುಸಿ ಬಿದ್ದಿದೆಯೆಂದು ಇವನೇ ಪ್ರೀತಿಯಿಂದ ನುಸಿಯ ಎಣ್ಣಿ ಹೊಡೆಯಲು ಹೋಗಿದ್ದ, ಆಗಿದ್ದ ಒಂದೇ ಪಂಪು ಹೊತ್ತು. ಅದರಲ್ಲಿ ಹಿಂದಿನ ದಿನದ ಕಸದ ಎಣ್ಣಿ ಉಳಿದಿತ್ತು. ವಾರದಲ್ಲಿ ಎಲೆ ಮುದುಡತೊಡಗಿತು. ಊರವರೆಲ್ಲ ಮುಟುರು ರೋಗ ಎಂದರು. ಆಮೇಲೆ ಎಲೆ ದಾರದಂತೆ ತಿರುಚಿಕೊಂಡಾಗ ಗೊತ್ತಾಯಿತು. ಎರಡು ಎಕರೆ ಹೋಯಿತು. ಅಂದಿನಿಂದ ಅಕ್ಕ ತಮ್ಮ ಬದುವಿನ ಆಚೆ ಈಚೆ ಹತ್ತು ಅಡಿ ದೂರದಲ್ಲಿ ನಿಂತು, ನಡುವೆ ಯಾರಾದರೂ ಸಿಕ್ಕರೆ ಅವರ ಮೂಲಕ ಮಾತಾಡುತ್ತಾರೆ. ಯಾರೂ ಇಲ್ಲದಿದ್ದರೆ ಎಮ್ಮೆ ಇದೆ.

“ಏ ಎಮ್ಮಿ, ನಿನ್ನ ಮಾಲಕಗ ಹೇಳು, ಕಸಾ ಬೀಜಾಗಿ ನನ್ನ ಹೊಲಕ್ಕ ಬರಾಕತ್ತೈತಿ.”

“ಎಮ್ಮೆವ್ವಾ, ಹೇಳು, ಬದು ಹಿಡದು ನಾನ ಕಿತ್ತ ಒಗೀತೇನಂತ.”

ಎಮ್ಮೆ ಮೆಲುಕು ಹಾಕುತ್ತ ಇಬ್ಬರನ್ನೂ ನೋಡುತ್ತದೆ. ನಮ್ಮ ಮನೆತನದಲ್ಲಿ ಸಮತೋಲನವಿರುವುದು ಅದೊಂದಕ್ಕೇ.

ಈ ವರ್ಷ ಗೋವಿನಜೋಳ ಮೊಣಕಾಲಿಗೆ ಎರಡು ಬೆರಳು ಕಡಿಮೆ ಇದ್ದಾಗ ನನ್ನ ತಾಳ್ಮೆ ಸತ್ತಿತು. ಅಂಗಳದಲ್ಲಿ ಕಾಕಾನನ್ನು ಕೂರಿಸಿ ವಾದ ಮಂಡಿಸಿದೆ. ಒಂದು, ನಾಳೆಗೆ ಅವಕಾಶ ಮುಗಿಯುತ್ತದೆ. ಎರಡು, ಮೂತಿಗೆ ಟೊಪ್ಪಿಗೆ ಇದೆ, ಬದುವಿನ ಪಕ್ಕದ ಹತ್ತು ಸಾಲು ಬಿಟ್ಟು ಹೊಡೆಯಬಹುದು. ಮೂರು, ಕಳೆದ ವರ್ಷ ಬೆಳೆಯೆಂದು ಮನೆಗೆ ಬಂದದ್ದು ಹೆಚ್ಚುಕಡಿಮೆ ಎಮ್ಮೆಯ ಮೇವು. ಕಾಕಾ ಮಧ್ಯೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿದ.

“ನೀ ಹೇಳಿದ್ದೆಲ್ಲಾ ಖರೇ ಐತಿಬೇ,” ಎಂದ. ಆಮೇಲೆ ಗುಡ್ಡದ ಕಡೆ ಕೈ ತೋರಿಸಿದ. “ಫ್ಯಾನ್ ತಿರಗಾಕತ್ತೈತಿ.”

ಚರ್ಚೆಯಲ್ಲಿ ಎದುರಾಳಿ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಬದು ದಾಟಿ ಅತ್ತಿಯ ಹೊಲಕ್ಕೆ ಹೋದೆ. ಅವಳೊಬ್ಬಳು ‘ಹೊಡಿ’ ಎಂದರೆ ಮುಗಿಯಿತಲ್ಲ? ಕಾಕಾ ಆಚೆ ದೂರದಲ್ಲಿ ಊದಿನಕಡ್ಡಿ ಹಿಡಿದು ನಿಂತಿದ್ದ. ಅತ್ತಿ ಗಿಡದ ಎಲೆ ಮಗುಚಿ ನುಸಿ ನೋಡುತ್ತಿದ್ದಳು. ನಾನು ಕಾಕಾನ ಪರ ವಕಾಲತ್ತು ಶುರುಮಾಡಿದೆ: ಮನುಷ್ಯ ಎಂದಮೇಲೆ ತಪ್ಪು ಸಹಜ, ಒಂದು ತಪ್ಪಿಗೆ ನಾಲ್ಕು ವರ್ಷ ಶಿಕ್ಷೆ ಯಾವ ನ್ಯಾಯ, ಇತ್ಯಾದಿ.

“ತಪ್ಪ ಮಾಡಿದ್ದಕ್ಕ ಯಾರ ಸಿಟ್ಟ ಮಾಡ್ಯಾರಬೇ?” ಎಂದಳು ಅತ್ತಿ. “ಗಿಡಾ ಹೋದೂವು, ಹೋಗ್ಲಿ. ‘ಯಾಕೋ ತಮ್ಮಾ, ಹೆಂಗಾತೋ’ ಅಂತ ಕೇಳಿದೆ. ಏನಂದ ಗೊತ್ತೈತೇನ? ‘ತೊಳಿಯಾಕ ಬ್ಯಾಸರಾತಕ್ಕ, ಕಸಕ್ಕ ಹೊಡದು ಮೊಳಿಗೆ ಹಾಕಿದ್ದೆ, ಮುಂಜಾನೆದ್ದು ಹಂಗ ತಂದೆ’ ಅಂದ. ತನ್ನ ಹೊಲ ಆಗಿದ್ರ ಹಂಗ ತರತಿದ್ದನ? ಅಕ್ಕನ ಹೊಲಕ್ಕ ಬ್ಯಾಸರ! ಕೂಸಿದ್ದಾಗ ಅಂವನ್ನ ಎತ್ತಿ ಆಡಿಸಿದಾಕಿ ನಾ.”

ನಾನು ಮುಂದಿನ ವಾದ ತೆಗೆಯಲು ಬಾಯಿ ತೆರೆದಿದ್ದೆ.

ಮೊಳೆಗೆ ಹಾಕಿದ್ದು ಕಾಕಾ ಅಲ್ಲ. ಅವತ್ತು ಸಂಜೆ ಪಂಪನ್ನು ನನ್ನ ಕೈಗೆ ಕೊಟ್ಟು ಮೂರು ಸಲ ತೊಳೆ ಎಂದಿದ್ದ. ಮರುದಿನ ರಾಣೆಬೆನ್ನೂರಿನಲ್ಲಿ ನನ್ನ ಸ್ಪರ್ಧೆ. ಯಾಕೆ ಮೂರೇ ಸಲ ಎಂದು ಅವನ ಬಾಯಿ ಮುಚ್ಚಿಸಿ, ಒಂದೇ ಸಲ ನೀರು ಕುಲುಕಿ ಚೆಲ್ಲಿ, ಮೊಳೆಗೆ ತೂಗುಹಾಕಿ, ಭಾಷಣ ಉರುಹಾಕಲು ಹೋಗಿದ್ದೆ. ಆಮೇಲೆ ಸುದ್ದಿ ತಿಳಿದಾಗ ನನಗೆ ನೆನಪಾಗಲಿಲ್ಲವೇ? ಆಗಿತ್ತು. ‘ಅದಾದ ಮೇಲೆ ಅವನು ಇನ್ನೊಮ್ಮೆ ಕಸಕ್ಕೆ ಬಳಸಿ, ತೊಳೆಯದೆ ಒಯ್ದಿರಬೇಕು’ ಎಂದು ನನಗೆ ನಾನೇ ವಾದ ಕಟ್ಟಿಕೊಂಡಿದ್ದೆ. ಒಳ್ಳೆಯ ವಾದ, ಮುಂಜಾನೆ ಮೊಳೆಯಿಂದ ಹಾಗೆಯೇ ತಂದನೆಂದು ಈಗ ಅತ್ತಿಯ ಬಾಯಲ್ಲಿ ಕೇಳುವವರೆಗೆ. ಎಲ್ಲದಕ್ಕೂ ಆಧಾರ ಕೇಳುವ ನಾನು ಅದೊಂದಕ್ಕೆ ಮಾತ್ರ ನಾಲ್ಕು ವರ್ಷ ಆಧಾರ ಕೇಳಿರಲಿಲ್ಲ.

“ಅತ್ತಿ,” ಎಂದೆ, “ಆ ಪಂಪ್ ತೊಳದಾಕಿ ನಾ. ಮೂರ ಸಲ ತೊಳಿ ಅಂದಿದ್ದ. ನಾ ಒಂದ ಸಲ ತೊಳದೆ.”

ಅತ್ತಿ ನನ್ನ ಮುಖವನ್ನೇ ನೋಡಿದಳು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಉತ್ತರ ಕೊಡಬಹುದಿತ್ತು. ಎದ್ದು ಬದುವಿನವರೆಗೆ ನಡೆದು ಹೋಗಿ ಕೂಗಿದಳು:

“ಏ ಸುಳ್ಳಬುರುಕಾ!”

ಕಾಕಾ ತನ್ನ ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡಿದ.

“ಅಲ್ಲೇನ ನೋಡ್ತಿ? ನಿನಗ ಅನ್ನಾಕತ್ತೇನಿ! ನನ್ನ ಗಿಡಕ್ಕ ನುಸಿ ಬಿದ್ದೈತಿ. ಎಣ್ಣಿ ತಂದ ಇಟ್ಟೇನಿ. ಹೊಡಿಯಾಕ ಬರ್ತಿಯೋ, ಇಲ್ಲಾ ಊದಿನಕಡ್ಡಿ ಹಿಡಕೊಂಡ ಅಲ್ಲೇ ನಿಂದರತಿಯೋ?”

ಕಾಕಾನ ಕೈಯಲ್ಲಿನ ಕಡ್ಡಿ ಬೆರಳಿನವರೆಗೆ ಉರಿದಿತ್ತು. ಕೊಡವಿ ಮಣ್ಣಿಗೆ ಚುಚ್ಚಿದ.

“ಸಂಜಿಗೆ ಬರ್ತೇನಕ್ಕಾ,” ಎಂದ. “ಗಾಳಿ ಸ್ವಲ್ಪ ಇಳೀಲಿ.”

“ಮತ್ತ ಗಾಳಿ!” ಎಂದು ಅತ್ತಿ ಹಣೆ ಬಡಿದುಕೊಂಡಳು.

ಹೊಲದಿಂದ ಬರುವ ದಾರಿಯಲ್ಲಿ ಕೇಳಿದೆ, “ಯಾಕ ಹೇಳಲಿಲ್ಲ ಕಾಕಾ?”

“ಆ ವಾರ ನೀ ಕಪ್ ತಂದಿದ್ದಿ. ಮನ್ಯಾಗ ಎಲ್ಲಾರೂ ಕುಣಿದಾಡಾಕತ್ತಿದ್ರು. ಹೆಂಗ ಹೇಳ್ಲಿ?” ಸ್ವಲ್ಪ ದೂರ ನಡೆದು, “ಆಮ್ಯಾಲ ತಡಾ ಆತು,” ಎಂದ.

ಎರಡೂ ಕಡೆ ಅವನ ಗೋವಿನಜೋಳ. ಕಸ ಆಗಲೇ ಅದರ ತಲೆ ಮೀರಿತ್ತು, ಗುಡ್ಡದ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಈ ವರ್ಷದ ಬೆಳೆಯೂ ಹೋಯಿತೆಂದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಪಡಸಾಲೆಯ ಮೊಳೆಯಿಂದ ನೀಲಿ ಪಂಪನ್ನು ಇಳಿಸಿದ. ಅದರ ಕೆಳಗಿನ ಮಾಡದಲ್ಲಿ ನಾನು ರಾಣೆಬೆನ್ನೂರಿನಲ್ಲಿ ಗೆದ್ದ ಕಪ್ ಇದೆ. ಇಷ್ಟು ವರ್ಷ ಎರಡೂ ಒಂದೇ ಗೋಡೆಯ ಮೇಲಿದ್ದವು, ನಾನು ಒಂದನ್ನು ಮಾತ್ರ ಒರೆಸುತ್ತಿದ್ದೆ. ಕಾಕಾ ಪಂಪನ್ನು ನನ್ನ ಕೈಗೆ ಕೊಟ್ಟ.

“ತೊಳಕೊಂಡ ಬಾ,” ಎಂದ. ಎಷ್ಟು ಸಲ ಎಂದು ಹೇಳಲಿಲ್ಲ.

ಒಮ್ಮೆಯೂ ಬಳಸದ ಪಂಪು. ಒಳಗೆ ಇದ್ದದ್ದು ಧೂಳು, ಒಂದು ಜೇಡರ ಬಲೆ. ಒಂದೇ ಸಲ ತೊಳೆದರೆ ಸಾಕೆಂದು ಯಾವ ತೀರ್ಪುಗಾರರ ಮುಂದೆ ಬೇಕಾದರೂ ಸಾಧಿಸಿ ತೋರಿಸಬಲ್ಲೆ. ಸೋಡಾ ಹಾಕಿ ಮೂರು ಸಲ ತೊಳೆದೆ. ಆಮೇಲೆ ಇನ್ನೊಂದು ಕೊಡ ನೀರು ಸೇದಿಕೊಂಡು, ನಾಲ್ಕನೆಯ ಸಲವೂ ತೊಳೆದೆ.