ಬಲೆಯಲ್ಲಿ ಬಾಳೆನಾರು

ಕಣ್ಣಿಗೆ ಕಂಡದ್ದನ್ನೆಲ್ಲ ಬರೆದುಕೊಳ್ಳುವವರಿಗೆ ಒಂದು ಕಾಯಿಲೆ ಇರುತ್ತದೆ: ಬರೆದುಕೊಂಡದ್ದೆಲ್ಲ ಅರ್ಥವಾಗಿದೆ ಎಂದುಕೊಳ್ಳುವುದು. ನನಗೆ ಇದು ಹಳೆಯ ಕಾಯಿಲೆ. ಸೇಲಂನಲ್ಲಿ ಒಂದು ತಮಿಳು ದಿನಪತ್ರಿಕೆಯ ವರದಿಗಾರನಾಗಿದ್ದೆ. ಊರು ಪಾಪಿರೆಡ್ಡಿಪಟ್ಟಿ ಕಡೆ, ಮನೆಮಾತು ಕನ್ನಡ. ಹೀಗಾಗಿ ಸುದ್ದಿ ಬರೆಯುತ್ತಿದ್ದುದು ತಮಿಳಿನಲ್ಲಿ, ಬೈಸಿಕೊಳ್ಳುತ್ತಿದ್ದುದು ಕನ್ನಡದಲ್ಲಿ. ತಾರಮಂಗಲದ ದೇವಸ್ಥಾನಕ್ಕೆ ಹೋದರೆ ನನ್ನ ಹೆಂಡತಿ ಸರಸು ದೇವರನ್ನು ನೋಡುತ್ತಾಳೆ, ನಾನು ಕಂಬ ಎಣಿಸುತ್ತೇನೆ. ಎಡಪ್ಪಾಡಿಯ ನನ್ನ ಮಾವನವರು ಮಗ್ಗದ ಮುಂದೆ ಕೂತಾಗ ಒಂದು ಗಂಟೆಯಲ್ಲಿ ಎಷ್ಟು ಸಲ ಕೆಮ್ಮುತ್ತಾರೆ ಎಂದು ಒಮ್ಮೆ ಬರೆದು, ಡಾಕ್ಟರಿಗೆ ತೋರಿಸಲು ಅವರ ಕೈಗೇ ಕೊಟ್ಟಿದ್ದೆ. ಡಾಕ್ಟರ ಹತ್ತಿರ ಅವರು ಹೋಗಲಿಲ್ಲ, ಆದರೆ ಅಂದಿನಿಂದ ನನ್ನೆದುರು ಕೆಮ್ಮುವುದನ್ನೇ ನಿಲ್ಲಿಸಿಬಿಟ್ಟರು. ದಾಖಲೆಯ ಶಕ್ತಿ ಅಂಥದ್ದು.

ತೊಂಬತ್ತರ ದಶಕದ ನಡುವಿನ ಮಾತು. ಮೆಟ್ಟೂರು ಅಣೆಯ ನೀರಿನಲ್ಲಿ ಮೀನು ಎಷ್ಟಿದೆ ಎಂದು ಅಂದಾಜು ಮಾಡಲು ಒಂದು ಸಮೀಕ್ಷೆ ನಡೆಯುತ್ತದೆಂದೂ, ಒಂದು ವಾರ ದೋಣಿಯಲ್ಲೇ ಇದ್ದು ಬರೆಯಬೇಕೆಂದೂ ಸಂಪಾದಕರು ಹೇಳಿದರು. ಮನೆಗೆ ಬಂದು ಚೀಲ ತುಂಬುತ್ತಿದ್ದಾಗ ಸರಸು ಬಾಗಿಲಿಗೆ ಒರಗಿ ನಿಂತಳು. "ಮನೇಲಿ ಉಪ್ಪು ಎಲ್ಲೈತೆ ಅಂತ ಗೊತ್ತಿಲ್ಲ. ಅಣೇಲಿ ಮೀನ್ ಎಷ್ಟೈತೆ ಅಂತ ಎಣಸಕ್ಕೆ ಒಂಟವ್ರೆ" ಎಂದಳು. ಮೀನಿನ ಪರಿಚಯ ನನಗೆ ಕುಳಂಬಿನ, ಅಂದರೆ ಸಾರಿನ, ಒಳಗಿನಿಂದ ಮಾತ್ರ ಇತ್ತು ಎಂಬುದು ನಿಜ. ಆದರೆ ವರದಿಗಾರನಾದವನು ವಿಷಯ ಗೊತ್ತಿಲ್ಲವೆಂದು ಹಿಂಜರಿಯಬಾರದು. ಹಾಗೆ ಹಿಂಜರಿದಿದ್ದರೆ ನಮ್ಮ ಪತ್ರಿಕೆಯ ಎಷ್ಟೋ ಪುಟಗಳು ಖಾಲಿ ಬರುತ್ತಿದ್ದವು.

ಸಮೀಕ್ಷೆಯ ಮುಖ್ಯಸ್ಥರು ಡಾಕ್ಟರ್ ಬಾಳಿಗಾ, ಕರಾವಳಿಯವರು. ಸಮುದ್ರದ ಮೀನುಗಳ ಲೆಕ್ಕ ಹಿಡಿಯುವ ದೊಡ್ಡ ಸಂಶೋಧನಾ ಹಡಗುಗಳಲ್ಲಿ ಇಡೀ ಆಯುಷ್ಯ ಕಳೆದು ನಿವೃತ್ತರಾದವರು. ಈಗ ಅವರಿಗೆ ಸಿಕ್ಕಿದ್ದು ಒಂದು ಮೋಟಾರು ದೋಣಿ. ಅದರ ಕೋಣೆಯಲ್ಲಿ ಮೂವರು ಕೂರಬಹುದಿತ್ತು, ಒಬ್ಬರು ಹೊರಗೆ ನಿಂತರೆ. ಆದರೂ ಅದರ ಪಕ್ಕಕ್ಕೆ ‘ಸಂಶೋಧನಾ ನೌಕೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಬೆಳಗ್ಗೆ ಆರಕ್ಕೆ ಗಂಟೆ ಹೊಡೆಯುತ್ತಿದ್ದರು. ಸೀಮೆಎಣ್ಣೆ ಸ್ಟವ್ ಇಟ್ಟ ಮೂಲೆ ‘ಪಾಕಶಾಲೆ’. ದಡ ಅರ್ಧ ಫರ್ಲಾಂಗಿನಲ್ಲಿ ಕಾಣುತ್ತಿದ್ದರೂ, ಅಲ್ಲಿ ಆಡು ಮೇಯಿಸುವವಳು ನಮ್ಮನ್ನು ಹೆಸರು ಹಿಡಿದು ಕೂಗುತ್ತಿದ್ದರೂ, ದುರ್ಬೀನಿನಲ್ಲಿ ನೋಡಿ "ಭೂಮಿ ಕಾಣ್ತದೆ" ಎನ್ನುತ್ತಿದ್ದರು. ನಾನು ಚೀಲ ಇಟ್ಟು ಒಂದು ಮೂಲೆಯಲ್ಲಿ ಕೂತೆನೋ ಇಲ್ಲವೋ, "ಎಂತ ಮಾರಾಯ್ರೆ, ಕೂತುಬಿಟ್ರಿ? ನೌಕೆಯಲ್ಲಿ ಪ್ರಯಾಣಿಕರು ಅಂತ ಇಲ್ಲ. ಇದ್ದವರೆಲ್ಲ ಸಿಬ್ಬಂದಿ" ಎಂದು ನೀಲಿ ರಟ್ಟಿನ ಒಂದು ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದರು.

ಅದು ಲಾಗ್ ಪುಸ್ತಕ. ಅವರ ಕಣ್ಣಿನ ಪೊರೆ ತೆಗೆಸಿ ಇನ್ನೂ ತಿಂಗಳಾಗಿರಲಿಲ್ಲ. ಬಗ್ಗಿ ನೋಡುವಂತಿಲ್ಲ, ಮೀನಿನ ನೀರು ಕಣ್ಣಿಗೆ ಸಿಡಿಯುವಂತಿಲ್ಲ. ಆದ್ದರಿಂದ ಬಲೆಯಿಂದ ಬಿಡಿಸಿದ ಪ್ರತಿ ಮೀನನ್ನೂ ನಾನು ಅಳೆದು, ತೂಗಿ, ಗಟ್ಟಿಯಾಗಿ ಹೇಳಿ ಬರೆಯಬೇಕು. ಅವರು ದೂರ ಕೂತು ಕೇಳಿ ಸಹಿ ಹಾಕಬೇಕು. ಕೊನೆಯ ಕಾಲಂ ‘ಬಲೆಯಲ್ಲಿ ಸಿಕ್ಕ ಇತರ ವಸ್ತುಗಳು’. "ಕಂಡದ್ದನ್ನೆಲ್ಲ ಬರೀರಿ. ಈ ಪುಸ್ತಕದಿಂದ ವರದಿ, ವರದಿಯಿಂದ ತೀರ್ಮಾನ. ಕಟ್ಲಾ, ರೋಹು ಕಡಿಮೆ ಅಂತ ಕಂಡರೆ ಬರುವ ವರ್ಷ ಇಲ್ಲಿಗೆ ಮೀನುಮರಿ ಬಿಡ್ತಾರೆ. ಬೇಕಷ್ಟು ಉಂಟು ಅಂತ ಕಂಡರೆ ಆ ಮರಿಗಳು ಬೇರೆ ಅಣೆಗೆ ಹೋಗ್ತವೆ" ಎಂದರು. ದಡದ ಕ್ಯಾಂಪಿನಲ್ಲಿ ಮೀನು ಹಿಡಿದೇ ಬದುಕುವ ಮನೆಗಳಿದ್ದವು. ಅವರ ಬರುವ ವರ್ಷದ ಅನ್ನ ನನ್ನ ಪೆನ್ನಿನ ತುದಿಯಲ್ಲಿತ್ತು. ನಿಜ ಹೇಳುತ್ತೇನೆ, ನನಗೆ ಭಯವಾಗಲಿಲ್ಲ, ಹೆಮ್ಮೆಯಾಯಿತು. ಸರಿಯಾದ ಕೈಗೆ ಸರಿಯಾದ ಪುಸ್ತಕ ಬಂತು ಎಂದುಕೊಂಡೆ.

ದೋಣಿ ನಡೆಸುವವನು, ಬಲೆ ಬಿಡುವವನು, ಅಡುಗೆಯವನು ಎಲ್ಲ ಒಬ್ಬನೇ: ಮಾದಪ್ಪಣ್ಣ. ಕ್ಯಾಂಪಿನವನೇ, ಐವತ್ತು ದಾಟಿದವನು. ಡಾಕ್ಟರು ದಿಕ್ಸೂಚಿ ನೋಡಿ ದಾರಿ ಹೇಳಿದರೆ ಅವನು, "ನೀರ್ ಇಳಿದ್ರೆ ಮುಳುಗಿರೋ ಗುಡಿ ನಂದಿ ತಲೆ ಕಾಣ್ತದಲ್ಲ, ಅದ್ರ ಬಲಗಡೆ. ಅಂಗ್ ಏಳಿ ಸಾರ್" ಎನ್ನುತ್ತಿದ್ದ. ಡಾಕ್ಟರ ಪದ್ಧತಿ ಹೀಗಿತ್ತು: ಅಣೆಯ ನಕಾಶೆಯನ್ನು ಚೌಕ ಮಾಡಿ, ಚೌಕಗಳ ನಂಬರನ್ನು ಚೀಟಿಗಳಲ್ಲಿ ಬರೆದು, ಟಿಫಿನ್ ಡಬ್ಬಿಯಲ್ಲಿ ಹಾಕಿ ಕುಲುಕಿ, ಒಂದು ಚೀಟಿ ಎತ್ತುವುದು. ಯಾವ ಚೌಕ ಬಂತೋ ಅಲ್ಲಿ ಸಂಜೆ ಬಲೆ ಬಿಟ್ಟು ಬೆಳಗ್ಗೆ ಎತ್ತುವುದು. ಮೀನಿರುವ ಕಡೆ ಹುಡುಕಿ ಹೋದರೆ ಅದು ಬೇಟೆ, ಸಮೀಕ್ಷೆಯಲ್ಲ ಎಂದು ಅವರ ವಾದ. ಮೊದಲ ಚೀಟಿ ಎತ್ತಿದಾಗ ಮಾದಪ್ಪಣ್ಣ ಡಬ್ಬಿಯೊಳಗೆ ಇಣುಕಿದ. "ಅಲ್ಲಾ ಸಾರ್, ಈ ಚೀಟೀನ ಮೀನಿಗೂ ತೋರ್ಸಿದ್ದೀರಾ?" ಎಂದು ಕೇಳಿದ. ಡಾಕ್ಟರು ನಕ್ಕರು. ನಾನು ಆ ಮಾತನ್ನು ಸುದ್ದಿಗೆ ಬರುತ್ತದೆಂದು ಬರೆದುಕೊಂಡೆ.

ಮೊದಲ ದಿನ ಬೆಳಗ್ಗೆ ಬಲೆ ಎತ್ತಿದರೆ ಎರಡು ಜಿಲೇಬಿ. ನಮ್ಮ ಕಡೆ ಜಿಲೇಬಿ ಎನ್ನುವ ಮೀನೊಂದಿದೆ, ಸಿಹಿಯಲ್ಲ, ಮುಳ್ಳು ಜಾಸ್ತಿ. ಎರಡನ್ನೂ ಅಳೆದೆ. ಎರಡು ಮೀನಿಗೆ ತಲೆಬರಹ ಏನು ಕೊಡುವುದೆಂದು ಯೋಚಿಸಿ ನಿಟ್ಟುಸಿರು ಬಿಟ್ಟು, "ಇಷ್ಟೇನಾ ಮಾದಪ್ಪಣ್ಣ?" ಎಂದೆ. ಅಷ್ಟೇ ಅಂದದ್ದು. ಅವನು ಬಲೆ ಮಡಿಸಿದ.

ಎರಡನೆಯ ದಿನದಿಂದ ನಮ್ಮ ಭಾಗ್ಯ ತೆರೆಯಿತು. ಬಲೆ ಎತ್ತಿದರೆ ಕಟ್ಲಾ, ರೋಹು, ಮೊಣಕೈಯುದ್ದ. ನಾನು ಅಳೆದೆ, ಕೂಗಿದೆ, ಬರೆದೆ. ಡಾಕ್ಟರು ದೂರದಿಂದ "ಅಬ್ಬ! ಸ್ಪಷ್ಟ ಹೇಳಿ ಮಾರಾಯ್ರೆ, ಇನ್ನೊಮ್ಮೆ" ಎನ್ನುತ್ತಿದ್ದರು. ಅಳೆದಾದ ಮೇಲೆ ಮೀನನ್ನು ಕ್ಯಾಂಪಿಗೇ ಕೊಡುತ್ತಿದ್ದರು, ಅಲ್ಲಿಂದ ನಮಗೆ ಕುಳಂಬು ಬರುತ್ತಿತ್ತು. ಮೂರನೆಯ ದಿನ ಇನ್ನೂ ಹೆಚ್ಚು. ಆ ಮಧ್ಯಾಹ್ನ ಕೊಳತ್ತೂರಿನ ಎಸ್‌ಟಿಡಿ ಬೂತಿಗೆ ಹೋಗಿ ಸುದ್ದಿ ಹೇಳಿದೆ. ‘ಅಣೆಯ ತುಂಬ ಮೀನು: ಸಮೀಕ್ಷೆಯಲ್ಲಿ ಬೆಳಕಿಗೆ’ ಎಂದು ನನ್ನ ಹೆಸರಿನೊಂದಿಗೆ ಬಂತು. ಮರುದಿನ ಬೆಳಗ್ಗೆಯೇ ಬೂತಿನವನು ದಡಕ್ಕೆ ಬಂದು ಪತ್ರಿಕೆ ತೋರಿಸಿ ಅಭಿನಂದಿಸಿದ. ಎಷ್ಟೋ ವರ್ಷಗಳ ಮೇಲೆ ನನ್ನ ಸುದ್ದಿಯನ್ನು ಬೇರೆಯವರು ಓದಿದ್ದು ಕಣ್ಣಿಗೆ ಕಂಡಿತ್ತು.

ಅದೇ ನಾಲ್ಕನೆಯ ದಿನ ದೋಣಿಯ ಹಿಂಬದಿಯಲ್ಲಿ ಕೂತು ಒಂದು ರೋಹುವನ್ನು ಅಳೆಯುವ ಹಲಗೆಯ ಮೇಲಿಟ್ಟೆ. ಅದರ ಕಿವಿರಿನಿಂದ ಏನೋ ನೇತಾಡುತ್ತಿತ್ತು. ಎಳೆದೆ. ಗಂಟು ಹಾಕಿದ ಬಾಳೆನಾರು. ಅಭ್ಯಾಸಬಲದಿಂದ ಕೊನೆಯ ಕಾಲಮ್ಮಿಗೆ ಪೆನ್ನು ಒಯ್ದು ‘ಬಾಳೆನಾರು, ಒಂದು’ ಎಂದು ಬರೆದೆ. ಬರೆದ ಮೇಲೆ ಕಣ್ಣು ಮೇಲಿನ ಸಾಲುಗಳಿಗೆ ಹೋಯಿತು. ಎರಡನೆಯ ದಿನ: ಬಾಳೆನಾರು, ಒಂದು ತುಂಡು. ಮೂರನೆಯ ದಿನ: ಬಾಳೆನಾರು, ಎರಡು ತುಂಡು. ನನ್ನದೇ ಅಕ್ಷರ, ಅಂದವಾಗಿ, ಡಾಕ್ಟರ ಸಹಿಯೊಂದಿಗೆ. ಕಿವಿರಿಗೆ ಬಾಳೆನಾರು ಪೋಣಿಸಿ ಮೀನು ತೂಗಿಕೊಂಡು ಹೋಗುವುದನ್ನು ಸೇಲಂ ಮಾರ್ಕೆಟ್ಟಿನಲ್ಲಿ ಸಾವಿರ ಸಲ ನೋಡಿದ್ದೇನೆ. ಈ ಮೀನುಗಳು ಮೊದಲು ಯಾರದೋ ಕೈಯಲ್ಲಿ ನೇತಾಡಿ ಆಮೇಲೆ ನಮ್ಮ ಬಲೆಗೆ ಬಿದ್ದಿದ್ದವು. ಅದಕ್ಕೆ ಸಾಕ್ಷಿಯನ್ನು ನಾನೇ ಮೂರು ದಿನದಿಂದ ದಾಖಲಿಸುತ್ತ ಬಂದಿದ್ದೆ.

ನಾರನ್ನು ಎತ್ತಿ ತೋರಿಸಿದೆ. ಮಾದಪ್ಪಣ್ಣ ಅದನ್ನು ನೋಡಿ, ಕೋಣೆಯಲ್ಲಿ ಕಾಫಿ ಕಾಯಿಸುತ್ತಿದ್ದ ಡಾಕ್ಟರ ಕಡೆ ನೋಡಿ, ತಗ್ಗಿದ ದನಿಯಲ್ಲಿ, "ಥೂ, ಈ ಸಿದ್ದ! ನಾರ್ ಬಿಚ್ಚಿ ಆಕ್ಲಾ ಅಂತ ಎಷ್ಟ್ ಸಲ ಏಳ್ದೆ" ಎಂದ. ಸಿದ್ದ ಅವನ ಭಾಮೈದ. ನದಿ ಬಂದು ಸೇರುವ ಕಡೆ ಅವನ ಬಲೆಗೆ ಬಿದ್ದದ್ದನ್ನು ಬೆಳಕು ಹರಿಯುವ ಮೊದಲೇ ಹರಿಗೋಲಿನಲ್ಲಿ ತಂದು ನಮ್ಮ ಬಲೆಗೆ ಸಿಕ್ಕಿಸಿ ಹೋಗುತ್ತಿದ್ದನಂತೆ.

"ಯಾಕಣ್ಣಾ ಹಿಂಗ್ ಮಾಡ್ದೆ?"

"ಇನ್ನೇನ್ ಮಾಡ್ಲಿ ಸಾರ್? ನೀವು ‘ಇಷ್ಟೇನಾ’ ಅಂದ್ಬುಟ್ರಿ. ಊರಿಗ್ ಬಂದ ವಿರುಂದಾಳಿ ಮುಂದೆ ಬರೀ ಬಲೆ ಎತ್ತೋದಾ? ಮನೇಗ್ ಬಂದೋರ್ಗೆ ಬರೀ ಎಲೆ ಆಕ್ದಂಗೆ. ಕ್ಯಾಂಪ್ನೋರೆಲ್ಲ ನನ್ ಮಕಕ್ ಉಗೀತಿದ್ರು."

ಮೀನು ಬೇಕಷ್ಟಿದೆ ಎಂದು ಬರೆದರೆ ಮರಿ ಬಿಡುವುದಿಲ್ಲ, ಕ್ಯಾಂಪಿಗೇ ನಷ್ಟ ಎಂದು ಬಿಡಿಸಿ ಹೇಳಿದೆ. ಅವನು ಒಪ್ಪಲಿಲ್ಲ. "ಏನ್ ಸಾರ್ ನೀವು ಓದ್ದೋರು? ಆಲು ಕರೆಯೋ ಅಸೀಗ್ ತಾನೆ ಜಾಸ್ತಿ ಬೂಸ ಆಕೋದು? ಬತ್ತೋದ್ ಅಸೀಗ್ ಯಾರ್ ಆಕ್ತಾರೆ? ಅಣೆ ಚೆನ್ನಾಗೈತೆ ಅಂದ್ರೆ ತಾನೆ ಇನ್ನೂ ಮರಿ ಬಿಡ್ತಾರೆ?" ಸರ್ಕಾರದ ಬುದ್ಧಿ ಹಸು ಸಾಕುವವನ ಬುದ್ಧಿಗಿಂತ ಬೇರೆ ಎಂದು ಮಾತ್ರ ಹೇಳಿದೆ. ಅದನ್ನು ಅವನು ಕೂಡಲೇ ನಂಬಿದ. ನಂಬಿದ ಮೇಲೆ ಮುಖ ಸಪ್ಪಗಾಯಿತು. "ಅಡಡಾ! ನಮ್ ಒಟ್ಟೆ ಮ್ಯಾಲೆ ನಾವೇ ಒಡ್ಕಂಡ್ವಾ? ಈಗ ಡಾಕ್ಟರ್ಗೆ ಗೊತ್ತಾದ್ರೆ ನನ್ನ ದೋಣಿಯಿಂದ ಇಳಿಸ್ಬುಡ್ತಾರೆ ಸಾರ್" ಎಂದ.

ಕಾಫಿ ಬಂತು. ಕುಡಿಯುತ್ತ ಲೆಕ್ಕ ಹಾಕಿದೆ. ಬಾಳೆನಾರಿನ ಮೂರು ಸಾಲು ಮುಚ್ಚಿಟ್ಟರೆ ನನ್ನ ಹೆಸರೂ ಉಳಿಯುತ್ತದೆ, ಮಾದಪ್ಪಣ್ಣನ ಕೆಲಸವೂ ಉಳಿಯುತ್ತದೆ. ಕ್ಯಾಂಪಿಗೆ ಮಾತ್ರ ಮರಿ ಇಲ್ಲ. ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ, ಬಾಳೆನಾರನ್ನು ಡಾಕ್ಟರ ಅಂಗೈಯಲ್ಲಿಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಮಾದಪ್ಪಣ್ಣ ಕೈಕಟ್ಟಿ ನಿಂತಿದ್ದ.

"ಅವನದ್ದೆಂತ ತಪ್ಪು? ಅವನು ಮನುಷ್ಯ, ಮರ್ಯಾದೆಗೆ ಮಾಡಿದ. ಲಾಗ್ ಬರೆಯುವವರು ಯಾರು ಮಾರಾಯ್ರೆ?" ಎಂದರು ಡಾಕ್ಟರು.

"ನಾನು."

"ನೀರಿನ ಅಡಿಯಲ್ಲಿ ಬಾಳೆತೋಟ ಉಂಟು ಅಂತ ಮಾಡಿದ್ರಾ?"

ಸಹಿ ನಿಮ್ಮದೇ ಇದೆಯಲ್ಲ ಎಂದು ಹೇಳಬಹುದಿತ್ತು. ನೌಕೆಯ ಶಿಸ್ತನ್ನು ಗೌರವಿಸಿ ಹೇಳಲಿಲ್ಲ. ಪುಟ ಹರಿಯಲು ಹೋದಾಗ ಕೈ ಹಿಡಿದರು. ಲಾಗಿನಲ್ಲಿ ಹರಿಯುವುದು, ಅಳಿಸುವುದು ಇಲ್ಲ. ಕೆಳಗಿನದ್ದು ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಗೆರೆ ಎಳೆದೆ. ಕಾರಣ ಏನು ಬರೆಯಲಿ ಎಂದು ಕೇಳಿದೆ. ಡಾಕ್ಟರು ಮಾದಪ್ಪಣ್ಣನ ಕಡೆ ನೋಡಿ, "ಆತಿಥ್ಯ ಅಂತ ಬರೀರಿ" ಎಂದರು. ಬರೆದೆ. ಸಹಿ ಹಾಕಿದೆ. ಕೆಟ್ಟುಹೋದ ದಿನಗಳ ಬದಲಿಗೆ ಇನ್ನಷ್ಟು ದಿನ ಇರಬೇಕಾಯಿತು. ಬೂತಿಗೆ ಹೋಗಿ ಸಂಪಾದಕರಿಗೆ ಅಣೆಯ ತುಂಬ ಮೀನಿಲ್ಲವೆಂದು ತಿಳಿಸಿದೆ. "ಮೂರು ದಿನದಲ್ಲಿ ಎಲ್ಲಾ ತಿಂದುಬಿಟ್ಟೆಯಾ?" ಎಂದು ಕೇಳಿದರು. ಬೂತಿನವನು ಅಂದು ಪತ್ರಿಕೆಯನ್ನು ಮಡಿಸಿ ಕೆಳಗಿಟ್ಟುಕೊಂಡ.

ಆಮೇಲಿನ ಬಲೆಗಳು ಅಪ್ಪಟ ಚೀಟಿಯ ಬಲೆಗಳು. ಒಂದು ದಿನ ಒಂದು ಜಿಲೇಬಿ, ಒಂದು ದಿನ ಹರಿದ ಚಪ್ಪಲಿ, ಒಂದು ದಿನ ಬರೀ ಪಾಚಿ. ಬಲೆ ಎತ್ತುವಾಗ ಮಾದಪ್ಪಣ್ಣ ನಮಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ, ಎಲೆಯ ಮೇಲೆ ಅನ್ನವಿಲ್ಲದ್ದನ್ನು ನೋಡಲಾರದ ಮನೆಯ ಯಜಮಾನನ ಹಾಗೆ. ಡಾಕ್ಟರಿಗೆ ಮಾತ್ರ ಖುಷಿ. "ಸೊನ್ನೆಯೂ ಲೆಕ್ಕವೇ ಮಾರಾಯ್ರೆ, ಗುಂಡಗೆ ಬರೀರಿ!" ಎನ್ನುತ್ತಿದ್ದರು. ನನ್ನ ವೃತ್ತಿಜೀವನದಲ್ಲಿ ಅಷ್ಟು ಜೋಪಾನವಾಗಿ ಬೇರೆ ಯಾವುದನ್ನೂ ಬರೆದಿಲ್ಲ. ಕೊನೆಯ ದಿನ ಮಾದಪ್ಪಣ್ಣ ಪುಸ್ತಕದೊಳಗೆ ಇಣುಕಿ, "ಇವೆಲ್ಲಾ ಸೊನ್ನೆನಾ ಸಾರ್? ನೋಡಕ್ಕೇನೋ ಚೆನ್ನಾಗೈತೆ" ಎಂದು ಸಮಾಧಾನ ಹೇಳಿದ.

ಮುಂದಿನ ವರ್ಷ ಮರಿಗಳು ಬಂದವು. ಲಾರಿಯಲ್ಲಿ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು, ಒಳಗೆ ಬೆರಳುದ್ದದ ಕಟ್ಲಾ, ರೋಹು. ನಾನು ಸುದ್ದಿಗೆ ಹೋದೆ. ಕ್ಯಾಂಪಿನ ಹೆಂಗಸರು ಮಜ್ಜಿಗೆ ಕೊಟ್ಟರು, ಮಾದಪ್ಪಣ್ಣ ಹೆಗಲ ಮೇಲೆ ಹೊಸ ಟವೆಲ್ ಹಾಕಿಕೊಂಡಿದ್ದ. ಈ ಮರಿಗಳು ಬಂದದ್ದರಲ್ಲಿ ನನ್ನ ಪಾಲೂ ಇದೆ ಎಂಬ ಗತ್ತಿನಲ್ಲಿ ಮರಿ ಬಿಡುವ ದೋಣಿಗೆ ಕಾಲಿಡಲು ಹೋದೆ.

"ಸಾರ್ ಸಾರ್, ನೀವ್ ಬ್ಯಾಡ!" ಮಾದಪ್ಪಣ್ಣನ ಹೆಂಡತಿ ಚಿಕ್ಕತಾಯಿ ಓಡಿ ಬಂದು ಅಡ್ಡ ನಿಂತಳು. "ನೀವ್ ಇಲ್ಲೇ ದಡದ್ ಮ್ಯಾಲೆ ನಿಂತ್ಕಂಡು ನೋಡಿ. ನೆಳ್ಳೈತೆ."

"ಯಾಕಮ್ಮಾ?"

ಅವಳು ಗಂಡನ ಮುಖ ನೋಡಿದಳು. ಮಾದಪ್ಪಣ್ಣ ಸಂಕೋಚದಿಂದ ಟವೆಲ್ ತಿರುವಿದ. "ತಪ್ ತಿಳ್ಕಬ್ಯಾಡಿ ಸಾರ್. ನೀವ್ ಒಳ್ಳೇವ್ರೇ. ಕಾಲ್ಗುಣ ಅಷ್ಟ್ ಸರಿಯಿಲ್ಲ ಅಂತ ಜನ ಮಾತಾಡ್ಕತಾರೆ. ನೀವ್ ಓಗಿ ಎಷ್ಟೋ ದಿನ ಆದ್ ಮ್ಯಾಕೆ ತಾನೆ ನಮ್ ಬಲೇಗ್ ಮೀನ್ ಬಿದ್ದಿದ್ದು?"

"ಮಾದಪ್ಪಣ್ಣ, ಎರಡನೇ ದಿನದಿಂದ ಬಿದ್ದಿತ್ತಲ್ಲ..."

"ಅದು ಸಿದ್ದನ ಮೀನು ಸಾರ್" ಎಂದ ಅವನು ಗಂಭೀರವಾಗಿ. "ನೀವ್ ಇದ್ದಾಗ ಬಿದ್ದದ್ದು ಸೊನ್ನೆ. ನೀವೇ ಬರ್ದಿದ್ದೀರಿ, ಸಹಿ ಆಕಿದ್ದೀರಿ."

ನಾನು ದಾಖಲೆಯನ್ನು ನಂಬುವ ಮನುಷ್ಯ. ಬೇವಿನ ನೆರಳಿಗೆ ಹೋಗಿ ನಿಂತೆ. ಮರಿಗಳನ್ನು ನೀರಿಗೆ ಬಿಟ್ಟರು, ಜನ ಕೂಗಿದರು, ನಾನು ದೂರದಿಂದ ಕಂಡಷ್ಟನ್ನು ಬರೆದೆ. ಹೊರಡುವಾಗ ಮಾದಪ್ಪಣ್ಣ, ಇವತ್ತು ವರದಿಗಾರರು ದೋಣಿ ಹತ್ತಲಿಲ್ಲ ಎಂಬುದನ್ನು ಪೇಪರಿನಲ್ಲಿ ಹಾಕಿದರೆ ಕ್ಯಾಂಪಿನವರಿಗೆ ಧೈರ್ಯವಾಗುತ್ತದೆ ಎಂದು ಕೇಳಿಕೊಂಡ. ಕೊನೆಯ ಸಾಲಾಗಿ ಅದನ್ನೂ ಸೇರಿಸಿ ಕಳಿಸಿದೆ. ಮರುದಿನ ಪತ್ರಿಕೆ ನೋಡಿದರೆ ಸಂಪಾದಕರು ಸುದ್ದಿಯನ್ನೆಲ್ಲ ಕತ್ತರಿಸಿ ನಾಲ್ಕು ಸಾಲಿಗೆ ಇಳಿಸಿದ್ದರು, ಆ ಒಂದು ಸಾಲನ್ನು ಮಾತ್ರ ಮುಟ್ಟಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಇಡೀ ವರದಿಯಲ್ಲಿ ನಿನ್ನನ್ನು ನಂಬಿ ಹಾಕಬಹುದಾದದ್ದು ಅದೊಂದೇ" ಎಂದರು.