ಗೌರಿಯ ಹೊಟ್ಟೆಯಲ್ಲಿ ಸಿಕ್ಕಿದ್ದು

ಮಂಗಳಮ್ಮನವರ ಹಸು ಗೌರಿ ಮೂರು ದಿನದಿಂದ ಮೇವು ಮುಟ್ಟಿರಲಿಲ್ಲ. ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ನಿವೃತ್ತ ಶಿರಸ್ತೇದಾರ ಗೋವಿಂದರಾಜು ತಮ್ಮ ಪಾಡಿಗೆ ತಾವಿದ್ದಿದ್ದರೆ ಯಾವ ತಾಪತ್ರಯವೂ ಇರಲಿಲ್ಲ. ಆದರೆ ಚಾಮರಾಜಪುರಂನ ಆ ಬೀದಿಯ ಸಂಘಕ್ಕೆ ಅವರೇ ಅಧ್ಯಕ್ಷರು. ಬಟ್ಟೆ ಚೀಲವಿಲ್ಲದೆ ಕೊತ್ತಂಬರಿ ಸೊಪ್ಪನ್ನೂ ತರದ ಮನುಷ್ಯ.

"ಕವರ್ ತಿಂದಿದೆ. ಕುಯ್ದೇ ತೆಗೀಬೇಕು," ಎಂದರು ಪಶುವೈದ್ಯೆ ಶರಣ್ಯಾ.

"ಇವ್ಳು ಹೋದ್ರೆ ನನ್ ಬಾಳೇ ಹೋಯ್ತು ಕಣ್ರಪ್ಪೋ!" ಎಂದು ಮಂಗಳಮ್ಮ ಗೋಳಾಡಿದರು.

ಸುತ್ತ ನೆರೆದಿದ್ದ ಬೀದಿಯವರನ್ನು ಕಂಡು ಗೋವಿಂದರಾಜುಗೆ ರೇಗಿಹೋಯಿತು. "ತರಕಾರಿ ಸಿಪ್ಪೆ ಕವರಿಗೆ ಕಟ್ಟಿ ಬೀದಿಗೆ ಬಿಸಾಕ್ತೀರಲ್ರೀ! ಯಾರ ಮನೆ ಕವರ್ ಅಂತ ಗೊತ್ತಾಗ್ಲಿ, ಗೌರಿ ವಾಸಿಯಾಗೋವರೆಗೂ ಅವರ ಮನೇಲೇ ಇರ್ತಾಳೆ. ಗಂಜಿ, ಸಗಣಿ ಎಲ್ಲಾ ಅವರದ್ದೇ!"

"ಹೆಂಗೆ ಸಾರ್ ಗೊತ್ತಾಗೋದು?" ಪಕ್ಕದ ಮನೆಯ ಪೌಲರಾಜ್ ಕೇಳಿದ.

"ಬಿಲ್ಲೋ ಚೀಟಿನೋ ಏನಾದ್ರೂ ಸಿಕ್ಕೇ ಸಿಗತ್ತೆ!"

ಶರಣ್ಯಾ ಹಸುವಿನ ಪಕ್ಕೆಗೆ ಇಂಜೆಕ್ಷನ್ ಕೊಟ್ಟು, ಕೊಯ್ದು, ತೋಳಿನವರೆಗೂ ಕೈ ಹಾಕಿದರು. ಮೊದಲು ಹಾಲಿನ ಪ್ಯಾಕೆಟ್. ಆಮೇಲೆ ನೀಲಿ ಕವರ್, ಅದಕ್ಕೆ ಸುತ್ತಿಕೊಂಡ ಕಪ್ಪು ಕವರ್. ಎಳೆದಷ್ಟೂ ಬರುತ್ತಲೇ ಇತ್ತು. ಒಂದು ಗಂಟೆಯಾದರೂ ಮುಗಿಯಲಿಲ್ಲ; ರಾಶಿ ಮಂಡಿಯೆತ್ತರ ಬೆಳೆಯಿತು. ಗೋವಿಂದರಾಜು ತಮಗರಿವಿಲ್ಲದೆ ಕೈ ಮುಗಿದರು. ಇಷ್ಟನ್ನೂ ಒಳಗಿಟ್ಟುಕೊಂಡು ಈ ಮೂಕಪ್ರಾಣಿ ಹಾಲು ಕೊಟ್ಟಿತಲ್ಲ, ಆ ಹಾಲಿನ ಕಾಫಿಯನ್ನು ತಾವು ದಿನಾ ಕುಡಿದೆವಲ್ಲ ಎಂದುಕೊಂಡರು.

ತೊಳೆದಾಗ ಒಂದು ಹಳದಿ ಕವರಿನ ಮೇಲೆ ಕೆಂಪು ಅಕ್ಷರಗಳು ಕಂಡವು. "ಸಿಕ್ಕಿಬಿದ್ದ!" ಎಂದು ಗೋವಿಂದರಾಜು ಕಸಿದುಕೊಂಡು ಗಟ್ಟಿಯಾಗಿ ಓದತೊಡಗಿದರು. "ಶ್ರೀಮತಿ ರಮಾಮಣಿ ಮತ್ತು ಶ್ರೀ ಗೋವಿಂದ..."

ಅವರದ್ದೇ ಹೆಸರು. ಅವರ ಅರವತ್ತರ ಶಾಂತಿಯಲ್ಲಿ ಹಂಚಿದ್ದ ತಾಂಬೂಲದ ಕವರ್. ಏಳು ವರ್ಷವಾದರೂ ಒಂದಕ್ಷರ ಅಳಿಸಿರಲಿಲ್ಲ. ಅದರ ಮೇಲಿನ ಫೋಟೋದಲ್ಲಿ ಗಂಡ ಹೆಂಡತಿ ಹಾಗೇ ನಗುತ್ತಿದ್ದರು. ಅಂಥವೇ ಇನ್ನೂ ಹನ್ನೊಂದು ಸಿಕ್ಕವು.

"ನಾನು ಬಿಸಾಕಿಲ್ಲ ಕಣ್ರೀ! ನಿಮಗೆಲ್ಲಾ ತೆಂಗಿನಕಾಯಿ ಹಾಕಿ ಕೊಟ್ಟಿದ್ದು!"

"ಗಟ್ಟಿ ಕವರು ಸಾರ್, ಕಸಕ್ಕಾಗತ್ತೆ ಅಂತ ಎಲ್ರೂ ಇಟ್ಕೊಂಡ್ವಿ," ಎಂದ ಪೌಲರಾಜ್ ಪ್ರಾಮಾಣಿಕವಾಗಿ. "ಬಿಸಾಕಿದೋರ ಹೆಸರು ಅದ್ರಲ್ಲಿ ಇಲ್ವಲ್ಲ."

ಸಂಜೆ ಹೊಲಿಗೆ ಹಾಕಿಸಿಕೊಂಡ ಗೌರಿ ನಿಧಾನಕ್ಕೆ ಹೆಜ್ಜೆಯಿಟ್ಟಳು. ಮಂಗಳಮ್ಮ ಹಗ್ಗವನ್ನು ಗೋವಿಂದರಾಜು ಕೈಗಿತ್ತರು. "ವಾಸಿಯಾಗೋಕೆ ಹದಿನೈದು ದಿನ ಬೇಕಂತೆ ಸ್ವಾಮಿ. ನಿಮ್ ಬಾಯಿಂದ್ಲೇ ಬಂದ ಮಾತು."

ಗೇಟು ತೆಗೆದ ರಮಾಮಣಿ ಹಸುವನ್ನು ನೋಡಿದರು, ಗಂಡನನ್ನು ನೋಡಿದರು, ನಡೆದದ್ದನ್ನೆಲ್ಲ ಕೇಳಿದರು.

"ಒಳ್ಳೇದೇ ಆಯ್ತು ಬಿಡಿ," ಎಂದರು. "ಅಟ್ಟದ ಮೇಲೆ ಆ ಕವರು ಇನ್ನೂ ಇನ್ನೂರು ಉಳಿದಿವೆ. ಸಗಣಿ ತುಂಬಿ ಬಿಸಾಕೋಕಾಗತ್ತೆ."